ಯೀಸ್ಟ್ ಒಲ್ಲದ ಸಕ್ಕರೆ

ತೆಂಗಿನ ಹೊಂಬಾಳೆಯ ತುದಿಯನ್ನು ಕೊಯ್ದು ಮಡಕೆ ಕಟ್ಟುವವನು ಅದರ ಒಳಗೋಡೆಗೆ ಸುಣ್ಣ ಬಳಿದಿದ್ದರೆ ಬೆಳಗ್ಗೆ ಇಳಿಯುವುದು ನೀರಾ. ಬಳಿಯದೆ ಬಿಟ್ಟಿದ್ದರೆ ಬಿಸಿಲೇರುವ ಹೊತ್ತಿಗೆ ಅದೇ ರಸ ನೊರೆಯೆದ್ದು ಹೆಂಡವಾಗಿರುತ್ತದೆ. ಮರ ಒಂದೇ, ರಸ ಒಂದೇ, ರಸದೊಳಗಿನ ಸಿಹಿಯೂ ಒಂದೇ. ಕಬ್ಬಿನ ಹಾಲಿನಲ್ಲಿರುವ ಸಕ್ಕರೆ ಯಾವುದೋ ತೆಂಗಿನ ರಸದಲ್ಲಿ ಹೆಚ್ಚಾಗಿ ಇರುವುದೂ ಅದೇ. ಗಾಳಿಯಿಂದಲೋ, ಹುಳುಹುಪ್ಪಟೆಗಳ ಕಾಲಿನಿಂದಲೋ, ಹಳೆಯ ಮಡಕೆಯ ಸಣ್ಣ ಸಣ್ಣ ರಂಧ್ರಗಳಿಂದಲೋ ಬಂದು ಸೇರಿದ ಯೀಸ್ಟ್ ಎಂಬ ಸೂಕ್ಷ್ಮ ಶಿಲೀಂಧ್ರವು ಆ ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲಾಮ್ಲವಾಯುವಾಗಿಯೂ ಒಡೆಯುತ್ತದೆ. ಕರೆಯದೆ ಬರುವ ಈ ಅತಿಥಿಯನ್ನು ಸುಣ್ಣವು ಬಾಗಿಲಲ್ಲೇ ತಡೆಯುತ್ತದೆ, ವ್ಯತ್ಯಾಸ ಅಷ್ಟೇ.

ಇನ್ನು ಹಾಲಿನ ಪಾತ್ರೆಯ ಕಡೆಗೆ ನೋಡಬೇಕು. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 5 ಪಾಲು ಸಕ್ಕರೆಯಿದೆ. ಬೇಕರಿಯಿಂದ ತಂದ ಯೀಸ್ಟನ್ನು ಕಾಯಿಸಿ ಆರಿಸಿದ ಹಾಲಿಗೆ ಬೆರೆಸಿ ರಾತ್ರಿಯೆಲ್ಲ ಬೆಚ್ಚಗೆ ಇಟ್ಟರೂ ಆ ಸಕ್ಕರೆ ಇದ್ದಂತೆಯೇ ಇರುತ್ತದೆ. ನೊರೆಯೇಳುವುದಿಲ್ಲ, ಮದ್ಯಸಾರವೂ ಹುಟ್ಟುವುದಿಲ್ಲ. ಕಾಲ ಕಳೆದಂತೆ ಹಾಲು ಹುಳಿಯಾದರೆ ಅದು ಬ್ಯಾಕ್ಟೀರಿಯಾಗಳ ಕೆಲಸವೇ ಹೊರತು ಯೀಸ್ಟಿನದಲ್ಲ. ಕಬ್ಬಿನ ಸಕ್ಕರೆಯನ್ನು ಕಂಡರೆ ಮುಗಿಬೀಳುವ ಜೀವಿಯು ಹಾಲಿನ ಸಕ್ಕರೆಯ ನಡುವೆ ಉಪವಾಸ ಕುಳಿತುಕೊಳ್ಳುವುದೇಕೆ? ಒಲ್ಲದ ಗಂಡನಿಗೆ ಮೊಸರಿನಲ್ಲಿ ಕಲ್ಲು ಎಂಬ ಗಾದೆಯುಂಟು. ಯೀಸ್ಟಿನ ಒಲ್ಲದಿಕೆ ಆ ಬಗೆಯ ನೆಪವಲ್ಲ. ಅದರ ಹಿಂದಿರುವ ಕಾರಣವನ್ನು ಅರಿಯಲು ಯೂರೋಪಿನ ರಸಾಯನಶಾಸ್ತ್ರಜ್ಞರಿಗೆ ಒಂದು ಶತಮಾನ ಹಿಡಿಯಿತು. ಅರಿತ ಮೇಲೆ ಆ ತಿಳಿವಳಿಕೆಯು ಮದ್ಯದ ಪೀಪಾಯಿಯ ಬಳಿಯಲ್ಲೇ ನಿಲ್ಲದೆ ಬಾಣಂತಿಯ ಕೋಣೆಗೂ ಹಸುಳೆಯ ತೊಟ್ಟಿಲಿಗೂ ನಡೆದು ಬಂದಿತು.

ಯೀಸ್ಟನ್ನು ಮೊದಲು ಸೂಕ್ಷ್ಮದರ್ಶಕದಲ್ಲಿ ಕಂಡವನು ಹಾಲೆಂಡಿನ ಲೇವನ್‌ಹುಕ್, ಅದು 1680ರಲ್ಲಿ. ಕೋಶವೊಂದರ ಅಡ್ಡಳತೆ ಒಂದು ಮಿಲಿಮೀಟರಿನ ಸಾವಿರದ ಐದು ಪಾಲಿನಷ್ಟು. ಒಂದು ಗ್ರಾಂ ಹಸಿ ಯೀಸ್ಟಿನಲ್ಲಿ ಇಂಥ ಕೋಶಗಳು ಸುಮಾರು ಒಂದು ಸಾವಿರ ಕೋಟಿ ಇರುತ್ತವೆ. ಆದರೆ ಕಂಡದ್ದು ಜೀವಿಯೆಂದು ಒಪ್ಪಿಕೊಳ್ಳಲು ಇನ್ನೂ ನೂರೈವತ್ತು ವರ್ಷಗಳು ಬೇಕಾದವು. ಸಕ್ಕರೆಯು ಹುದುಗಿದಾಗ ಮದ್ಯಸಾರ ಮತ್ತು ಇಂಗಾಲಾಮ್ಲ ಆಗುತ್ತವೆಂಬುದನ್ನು ತಕ್ಕಡಿಯಿಂದ ತೂಗಿ ತೋರಿಸಿದವನು ಫ್ರಾನ್ಸಿನ ಲವಾಸಿಯೇ. ಅದನ್ನು ಅಚ್ಚು ಮಾಡಿಸಿದ್ದು 1789ರಲ್ಲಿ, ಅಂದರೆ ಆತನ ಶಿರಚ್ಛೇದಕ್ಕೆ ಐದು ವರ್ಷ ಮುಂಚೆ. ಇಂದಿನ ಲೆಕ್ಕದಂತೆ 180 ಗ್ರಾಂ ದ್ರಾಕ್ಷಿಯ ಸಕ್ಕರೆ ಪೂರ್ಣವಾಗಿ ಒಡೆದರೆ 92 ಗ್ರಾಂ ಮದ್ಯಸಾರವೂ 88 ಗ್ರಾಂ ಇಂಗಾಲಾಮ್ಲವೂ ದೊರೆಯಬೇಕು. ಈ ಲೆಕ್ಕದಲ್ಲಿ ಯೀಸ್ಟಿಗೆ ಸ್ಥಾನವೇ ಇರಲಿಲ್ಲ. ಒಡೆದದ್ದು ಯಾರು ಎಂದು ಕೇಳುವ ಅಗತ್ಯ ತಕ್ಕಡಿಗೆ ಕಾಣಲಿಲ್ಲ.

1837ರ ಸುಮಾರಿಗೆ ಫ್ರಾನ್ಸಿನ ಕನ್ಯಾರ್-ಲಾತೂರ್, ಜರ್ಮನಿಯ ಷ್ವಾನ್ ಮತ್ತು ಕ್ಯುಟ್ಜಿಂಗ್ ಎಂಬ ಮೂವರು ಬೇರೆ ಬೇರೆಯಾಗಿ ದುಡಿದು, ಯೀಸ್ಟ್ ಒಂದು ಜೀವಿ, ಅದು ಮೊಗ್ಗೊಡೆದು ಬೆಳೆಯುತ್ತದೆ, ಹುದುಗುವಿಕೆ ಅದರ ಬಾಳಿನ ಫಲ ಎಂದು ಸಾರಿದರು. ರಸಾಯನಶಾಸ್ತ್ರದ ದೊರೆಗಳಿಗೆ ಇದು ರುಚಿಸಲಿಲ್ಲ. 1839ರಲ್ಲಿ ಲೀಬಿಗನ ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ಲೇಖನ ಬಂದಿತು. ಯೀಸ್ಟನ್ನು ಬಲವಾದ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಪುಟ್ಟ ಪ್ರಾಣಿಯಂತೆ ಕಾಣುವುದೆಂದೂ, ಸಕ್ಕರೆಯನ್ನು ಸೊಂಡಿಲಿನಿಂದ ಹೀರಿ ಹಿಂದಿನಿಂದ ಮದ್ಯಸಾರವನ್ನೂ ಮೂತ್ರದ್ವಾರದಿಂದ ಇಂಗಾಲಾಮ್ಲವನ್ನೂ ಬಿಡುವುದೆಂದೂ, ಅದರ ಮೂತ್ರಾಶಯವು ಷಾಂಪೇನ್ ಸೀಸೆಯ ಆಕಾರದಲ್ಲಿದೆಯೆಂದೂ ಅದರಲ್ಲಿ ಗಂಭೀರವಾಗಿ ವರ್ಣಿಸಲಾಗಿತ್ತು. ಬರೆದವರು ವೋಲರ್ ಮತ್ತು ಲೀಬಿಗ್ ಎಂಬುದು ಯಾರಿಗೂ ಗುಟ್ಟಾಗಿ ಉಳಿಯಲಿಲ್ಲ. ದೊಡ್ಡವರ ಹಾಸ್ಯವೆಂದು ಲೋಕ ನಕ್ಕಿತು. ಹಾಸ್ಯವು ಸತ್ಯಕ್ಕೆ ಬಹಳ ಹತ್ತಿರ ಸುಳಿದಿತ್ತೆಂಬುದು ಇಂದು ನಗೆ ತರಿಸುವ ಸಂಗತಿ.

ಜೀವಿಯ ಪಕ್ಷವನ್ನು ಗೆಲ್ಲಿಸಿದವನು ಲೂಯಿ ಪಾಸ್ಚರ್. 1860ರಲ್ಲಿ ಅವನು ಪ್ರಕಟಿಸಿದ ದೀರ್ಘ ಪ್ರಬಂಧವು, ಹುದುಗುವಿಕೆಯೆಂದರೆ ಯೀಸ್ಟಿನ ಜೀವನಕ್ರಿಯೆಯೇ ಎಂದು ನಿಲ್ಲಿಸಿತು. ಲವಾಸಿಯೇಯ ಲೆಕ್ಕದಲ್ಲಿ ಸಕ್ಕರೆಯ ಒಂದು ಪಾಲು ಗ್ಲಿಸರಿನ್ ಮೊದಲಾದ ಬೇರೆ ವಸ್ತುಗಳಿಗೂ ಹೋಗುತ್ತದೆಂದು ಆತ ತೋರಿಸಿದ. ಆದರೆ ಅದೇ ವರ್ಷ ಅದೇ ದೇಶದ ಬರ್ತೆಲೊ ಎಂಬ ರಸಾಯನಶಾಸ್ತ್ರಜ್ಞ ಒಂದು ತೊಡಕನ್ನು ತಂದಿಟ್ಟ. ಆ ತೊಡಕು ಇರುವುದು ಸಕ್ಕರೆಗಳ ಭೇದದಲ್ಲಿಯೇ ಆದ್ದರಿಂದ ಅದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು.

ಸಕ್ಕರೆ ಎಂಬುದು ಒಂದು ವಸ್ತುವಿನ ಹೆಸರಲ್ಲ, ಒಂದು ಮನೆತನದ ಹೆಸರು. ದ್ರಾಕ್ಷಿಯಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಬಿಡಿ ಸಕ್ಕರೆಗಳು ಹೆಚ್ಚುಕಡಮೆ ಸಮನಾಗಿ ಇರುತ್ತವೆ. ಕಬ್ಬಿನ ಸಕ್ಕರೆ, ಅಂದರೆ ಸುಕ್ರೋಸ್, ಇವೆರಡೂ ಕೈಹಿಡಿದು ನಿಂತ ಜೋಡಿ. ಮೊಳಕೆ ಬರಿಸಿದ ಧಾನ್ಯದಲ್ಲಿ ಹುಟ್ಟುವ ಮಾಲ್ಟೋಸ್ ಎರಡು ಗ್ಲೂಕೋಸುಗಳ ಜೋಡಿ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿನಲ್ಲಿ ಗ್ಲೂಕೋಸಿನ ಜೊತೆ ನಿಂತಿರುವುದು ಗ್ಯಾಲಕ್ಟೋಸ್. ಯೀಸ್ಟಿನ ಒಳಮನೆಯಲ್ಲಿ ಒಡೆಯುವ ಕೆಲಸ ನಡೆಯುವುದು ಬಿಡಿ ಸಕ್ಕರೆಯ ಮೇಲೆ ಮಾತ್ರ. ಜೋಡಿಯಾಗಿ ಬಂದವರು ಮೊದಲು ಬೇರೆಯಾಗಬೇಕು.

ಕಬ್ಬಿನ ಸಕ್ಕರೆಯ ಜೋಡಿಯನ್ನು ಯೀಸ್ಟ್ ತನ್ನ ಹೊಸ್ತಿಲಿನ ಹೊರಗೇ ಬಿಡಿಸುತ್ತದೆ. ಕೋಶದ ಹೊರಗೋಡೆಗೆ ಅಂಟಿದಂತಿರುವ ಒಂದು ವಸ್ತುವಿನ ಕೆಲಸ ಅದು. ಬರ್ತೆಲೊ ಮಾಡಿದ್ದಾದರೂ ಇಷ್ಟೇ: ಯೀಸ್ಟನ್ನು ನೀರಿನಲ್ಲಿ ನೆನೆಸಿ, ಸೋಸಿ, ಆ ನೀರಿಗೆ ಮದ್ಯಸಾರವನ್ನು ಬೆರೆಸಿ ಬಿಳಿಯ ಗಸಿಯೊಂದನ್ನು ಇಳಿಸಿದ. ಅದರಲ್ಲಿ ಜೀವವಿಲ್ಲ, ಕೋಶವಿಲ್ಲ. ಆದರೂ ಸಕ್ಕರೆಯ ನೀರಿಗೆ ಹಾಕಿದೊಡನೆ ಅದು ಜೋಡಿಯನ್ನು ಬಿಡಿಸಿತು. ಈ ವಸ್ತುವಿಗೆ ಇನ್ವರ್ಟೇಸ್ ಎಂದು ಹೆಸರು. ಹಾಗಾದರೆ ಜೀವಿಯ ಕೆಲಸಗಳಲ್ಲಿ ಕೆಲವನ್ನಾದರೂ ಜೀವವಿಲ್ಲದ ವಸ್ತು ಮಾಡಬಲ್ಲದು ಎಂದಾಯಿತಲ್ಲ! ಪಾಸ್ಚರ್ ಇದನ್ನು ಹೊರಬಾಗಿಲಿನ ಸಣ್ಣ ಕೆಲಸವೆಂದು ಬದಿಗಿಟ್ಟ. ಒಳಗಿನ ನಿಜವಾದ ಹುದುಗುವಿಕೆಗೆ ಜೀವವೇ ಬೇಕು ಎಂದ. ಮೂವತ್ತೇಳು ವರ್ಷಗಳ ಕಾಲ ಆ ಮಾತನ್ನು ಅಲುಗಿಸುವವರು ಬರಲಿಲ್ಲ.

ಇಲ್ಲಿ ಶಬ್ದಪ್ರಿಯರಿಗೆ ಒಂದು ಸ್ವಾರಸ್ಯವಿದೆ. ಇಂಥ ವಸ್ತುಗಳಿಗೆ ಜರ್ಮನಿಯ ಕ್ಯೂನೆ 1877ರಲ್ಲಿ ಎನ್‌ಜೈಮ್ ಎಂಬ ಹೆಸರನ್ನು ಗ್ರೀಕ್ ಭಾಷೆಯಿಂದ ಕಟ್ಟಿದ. ಹುದುಗಿನೊಳಗಿರುವುದು ಎಂದು ಅದರ ಅರ್ಥ. ಕನ್ನಡದಲ್ಲಿ ಅದಕ್ಕೆ ನಿಂತ ಮಾತು ಕಿಣ್ವ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯನ್ನು ಹುದುಗಿಸಲು ಹಾಕುವ ವಸ್ತುವಿಗೆ ಇರುವ ಹೆಸರೇ ಕಿಣ್ವ. ಅಲ್ಲಿ ಹೆಂಡದ ಮಡಕೆಗೆ ಹಾಕುವ ಹುದುಗಾಗಿದ್ದ ಮಾತು ಇಲ್ಲಿ ಹುದುಗಿನೊಳಗಿನ ಸತ್ತ್ವದ ಹೆಸರಾಯಿತು. ಗ್ರೀಕ್ ಶಬ್ದ ನಡೆದ ದಾರಿಯನ್ನೇ ಸಂಸ್ಕೃತ ಶಬ್ದವೂ ಹಿಡಿದದ್ದನ್ನು ನೋಡಿದರೆ, ಪಾರಿಭಾಷಿಕ ಪದಗಳನ್ನು ಕಟ್ಟಿದವರಲ್ಲಿಯೂ ಒಮ್ಮೊಮ್ಮೆ ಕವಿಗಳಿರುತ್ತಾರೆಂದು ತೋರುತ್ತದೆ.

ಮಾಲ್ಟೋಸಿನ ರೀತಿ ಬೇರೆ. ಯೀಸ್ಟ್ ಈ ಜೋಡಿಯನ್ನು ಹೊರಗೆ ಬಿಡಿಸುವುದಿಲ್ಲ. ಅದಕ್ಕೆಂದೇ ಇರುವ ಬಾಗಿಲಿನಿಂದ ಜೋಡಿಯನ್ನು ಹಾಗೆಯೇ ಒಳಗೆ ಕರೆದುಕೊಂಡು, ಒಳಗಿನ ಮಾಲ್ಟೇಸ್ ಎಂಬ ಕಿಣ್ವದಿಂದ ಬಿಡಿಸುತ್ತದೆ. ಈ ಬಾಗಿಲನ್ನೂ ಕಿಣ್ವವನ್ನೂ ಅದು ಸದಾ ಸಿದ್ಧವಾಗಿ ಇಟ್ಟುಕೊಂಡಿರುವುದಿಲ್ಲ. ಗ್ಲೂಕೋಸ್ ಸಿಗುವವರೆಗೆ ಅದಕ್ಕೆ ಬೇರೆಯ ಚಿಂತೆಯೇ ಇಲ್ಲ. ಗ್ಲೂಕೋಸಿನ ಇರುವಿಕೆಯೇ ಉಳಿದ ಸಕ್ಕರೆಗಳಿಗೆ ಬೇಕಾದ ಸಲಕರಣೆಗಳ ತಯಾರಿಯನ್ನು ನಿಲ್ಲಿಸಿಬಿಡುತ್ತದೆ. ಅದು ಮುಗಿದ ಮೇಲೆ ಯೀಸ್ಟ್ ಕ್ಷಣಕಾಲ ತಬ್ಬಿಬ್ಬಾಗಿ, ಮಾಲ್ಟೋಸಿಗೆ ಬೇಕಾದ ಬಾಗಿಲನ್ನು ನಿರ್ಮಿಸಿಕೊಂಡು, ಮತ್ತೆ ಕೆಲಸಕ್ಕೆ ತೊಡಗುತ್ತದೆ. ಸಕ್ಕರೆ ಹಾಕದೆ ಬರಿಯ ಮೈದಾ, ನೀರು, ಉಪ್ಪು, ಯೀಸ್ಟುಗಳಿಂದ ಕಲಸಿದ ಬ್ರೆಡ್ಡಿನ ಹಿಟ್ಟಿನಲ್ಲಿ ಹುಟ್ಟುವ ಅನಿಲವನ್ನು ಅಳೆದರೆ ಈ ತಬ್ಬಿಬ್ಬು ಎದ್ದು ಕಾಣುತ್ತದೆ: ಮೊದಲು ಒಂದು ಏರು, ಆಮೇಲೆ ಇಳಿತ, ಮತ್ತೆ ಇನ್ನೊಂದು ಏರು. ಮೊದಲಿನದು ಹಿಟ್ಟಿನಲ್ಲಿ ತಾನಾಗಿ ಇದ್ದ ಅಲ್ಪಸ್ವಲ್ಪ ಸಕ್ಕರೆಯಿಂದ ಬಂದದ್ದು. ಎರಡನೆಯದು ಗೋಧಿಯ ಪಿಷ್ಟ ಒಡೆದು ಆದ ಮಾಲ್ಟೋಸಿನದು. ಬಾರ್ಲಿಯ ಬಿಯರ್ ಕಾಯಿಸುವವರಿಗೂ ಈ ಸರದಿ ಚೆನ್ನಾಗಿ ಗೊತ್ತು. ಅಲ್ಲಿ ಸಕ್ಕರೆಯ ಬಹುಪಾಲು ಮಾಲ್ಟೋಸೇ. ಮೂರು ಗ್ಲೂಕೋಸುಗಳು ಸೇರಿದ ಮಾಲ್ಟೋಟ್ರಯೋಸಿನ ಸರದಿ ಅದರ ಹಿಂದೆ. ಅದಕ್ಕಿಂತ ಉದ್ದನೆಯ ಸರಪಣಿಗಳನ್ನು ಯೀಸ್ಟ್ ಮುಟ್ಟುವುದೇ ಇಲ್ಲ. ಅವು ಉಳಿದು ಬಿಯರಿಗೆ ಮೈ ಕೊಡುತ್ತವೆ.

ಇಡ್ಲಿಯ ಹಿಟ್ಟು ಉಬ್ಬುವುದೂ ಯೀಸ್ಟಿನಿಂದಲೇ ಇರಬೇಕೆಂದು ಯಾರಿಗಾದರೂ ತೋರಬಹುದು. ಅಲ್ಲಿ ಮುಖ್ಯ ಕೆಲಸಗಾರರು ಉದ್ದಿನ ಬೇಳೆಯೊಡನೆ ಬರುವ ಬ್ಯಾಕ್ಟೀರಿಯಾಗಳು. ಅನಿಲವೂ ಹುಳಿಯೂ ಅವುಗಳದ್ದೇ.

ಗ್ಲೂಕೋಸಿಗೂ ಫ್ರಕ್ಟೋಸಿಗೂ ನಡುವೆ ಕೂಡ ಯೀಸ್ಟ್ ಪಂಕ್ತಿಭೇದ ಮಾಡುತ್ತದೆ. ಎರಡನ್ನೂ ಅದು ಹುದುಗಿಸಬಲ್ಲದು. ಆದರೆ ಎರಡೂ ಸಮನಾಗಿದ್ದಾಗ ಗ್ಲೂಕೋಸೇ ಬೇಗ ಖರ್ಚಾಗುತ್ತದೆ. ಇದನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ಫ್ರಾನ್ಸಿನ ದ್ಯುಬ್ರಂಫೋ ಗಮನಿಸಿದ್ದ. ಎರಡೂ ಒಂದೇ ಬಗೆಯ ಬಾಗಿಲುಗಳಿಂದ ಒಳಗೆ ಬರಬೇಕು, ಬಾಗಿಲುಗಳು ಗ್ಲೂಕೋಸಿಗೆ ಹೆಚ್ಚು ಒಲಿದಿವೆ ಎಂಬುದು ಇದಕ್ಕೆ ಈಗ ತಿಳಿದಿರುವ ಮುಖ್ಯ ಕಾರಣ. ದ್ರಾಕ್ಷಾರಸವು ಪೂರ್ಣ ಹುದುಗದೆ ನಡುವೆ ನಿಂತುಹೋದಾಗ ಅದರಲ್ಲಿ ಉಳಿಯುವ ಸಿಹಿ ಹೆಚ್ಚಾಗಿ ಫ್ರಕ್ಟೋಸಿನದೇ ಆಗಿರುತ್ತದೆ.

ಇಷ್ಟಾದರೂ ಮೂಲ ಪ್ರಶ್ನೆ ಹಾಗೆಯೇ ಉಳಿಯಿತು. ಒಂದನ್ನು ಕೊಳ್ಳುವ, ಇನ್ನೊಂದನ್ನು ತಳ್ಳುವ ಈ ವಿವೇಚನೆ ಎಲ್ಲಿಯದು? ಉತ್ತರದ ಮೊದಲ ಅರ್ಧವನ್ನು ಕೊಟ್ಟವನು ಎಮಿಲ್ ಫಿಷರ್. ಗ್ಲೂಕೋಸ್, ಮ್ಯಾನೋಸ್, ಗ್ಯಾಲಕ್ಟೋಸ್ ಎಲ್ಲಕ್ಕೂ ಅಣುವಿನಲ್ಲಿ ಆರು ಇಂಗಾಲ, ಹನ್ನೆರಡು ಜಲಜನಕ, ಆರು ಆಮ್ಲಜನಕದ ಪರಮಾಣುಗಳೇ ಇವೆ. ಲೆಕ್ಕ ಒಂದೇ, ಜೋಡಣೆ ಬೇರೆ. ಗ್ಲೂಕೋಸಿನ ನಾಲ್ಕನೆಯ ಇಂಗಾಲದ ಮೇಲಿರುವ ಒಂದು ಪುಟ್ಟ ಗುಂಪನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸಿದರೆ ಅದೇ ಗ್ಯಾಲಕ್ಟೋಸ್! ಈ ಬಗೆಯ ಜೋಡಣೆಗಳು ಹದಿನಾರು ಸಾಧ್ಯ. ಅವುಗಳ ವಂಶಾವಳಿಯನ್ನು ಕಂಡುಹಿಡಿದದ್ದು ಫಿಷರನ ಜೀವನದ ಮಹಾಸಾಧನೆ. ಆ ಕೆಲಸಕ್ಕೆ ಆತ ಬಳಸಿದ ಫಿನೈಲ್‌ಹೈಡ್ರಜೀನ್ ಎಂಬ ವಿಷವಸ್ತು ಆತನ ಆರೋಗ್ಯವನ್ನೇ ಕೆಡಿಸಿತು. 1902ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಯೀಸ್ಟ್ ಅವನಿಗೆ ಪ್ರಯೋಗಶಾಲೆಯ ಸಹಾಯಕನಂತೆ ಒದಗಿತು. ಪ್ರಯೋಗಶಾಲೆಯಲ್ಲಿ ಕೃತಕವಾಗಿ ಮಾಡಿದ ಸಕ್ಕರೆಯಲ್ಲಿ ಎಡಗೈ ಬಲಗೈಗಳಂತೆ, ಕನ್ನಡಿಯ ಬಿಂಬ ಪ್ರತಿಬಿಂಬಗಳಂತೆ ಇರುವ ಎರಡು ರೂಪಗಳು ಸಮನಾಗಿ ಹುಟ್ಟುತ್ತವೆ. ನೀರಿನಲ್ಲಿ ಕರಗುವುದರಲ್ಲಾಗಲಿ ಕುದಿಸಿದಾಗ ವರ್ತಿಸುವುದರಲ್ಲಾಗಲಿ ಅವುಗಳಲ್ಲಿ ಭೇದವಿಲ್ಲದ್ದರಿಂದ ಬೇರ್ಪಡಿಸುವುದು ಬಲು ಕಷ್ಟ. ಫಿಷರ್ ಅದಕ್ಕೆ ಯೀಸ್ಟನ್ನು ಹಾಕಿದ. ಯೀಸ್ಟ್ ಪ್ರಕೃತಿಯಲ್ಲಿ ಸಿಗುವ ರೂಪವನ್ನು ತಿಂದು, ಅದರ ಪ್ರತಿಬಿಂಬವನ್ನು ಮುಟ್ಟದೆ ಅಲ್ಲೇ ಬಿಟ್ಟಿತು. ಆಮೇಲೆ 1894ರಲ್ಲಿ ಬರ್ಲಿನ್ನಿನಲ್ಲಿ ಟಿಯರ್‌ಫೆಲ್ಡರ್ ಎಂಬ ಸಹೋದ್ಯೋಗಿಯೊಡನೆ ಹಲವು ಬಗೆಯ ಯೀಸ್ಟುಗಳ ಮುಂದೆ ಹಲವು ಬಗೆಯ ಸಕ್ಕರೆಗಳನ್ನಿಟ್ಟು ಆತ ಪರೀಕ್ಷಿಸಿದ. ಗ್ಲೂಕೋಸ್, ಮ್ಯಾನೋಸ್, ಫ್ರಕ್ಟೋಸುಗಳಿಗೆ ಸ್ವಾಗತ, ಗ್ಯಾಲಕ್ಟೋಸಿಗೆ ಅರೆಮನಸ್ಸು, ಜೋಡಣೆ ಇನ್ನಷ್ಟು ದೂರ ಸರಿದವುಗಳಿಗೆ ಬಾಗಿಲು ಬಂದ್. ಕಿಣ್ವವೂ ಸಕ್ಕರೆಯೂ ಬೀಗ ಬೀಗದ ಕೈಗಳಂತೆ ಒಂದಕ್ಕೊಂದು ಹೊಂದಿದರೆ ಮಾತ್ರ ಕೆಲಸ ನಡೆಯುವುದು ಎಂಬ ಪ್ರಸಿದ್ಧ ಉಪಮೆ ಹುಟ್ಟಿದ್ದು ಆ ವರ್ಷದ ಇಂಥ ಪ್ರಯೋಗಗಳಿಂದ. ನೂರು ವರ್ಷಗಳಲ್ಲಿ ಆ ಉಪಮೆಗೆ ಅನೇಕ ತಿದ್ದುಪಡಿಗಳಾಗಿವೆ; ಬೀಗವೂ ಕೊಂಚ ಬಾಗಿ ಬಳುಕುತ್ತದೆಂದು ಈಗ ತಿಳಿದಿದೆ. ಆದರೂ ಪಾಠ ಹೇಳುವವರು ಅದನ್ನು ಬಿಟ್ಟುಕೊಟ್ಟಿಲ್ಲ, ಬಿಟ್ಟುಕೊಡಬೇಕಾಗಿಯೂ ಇಲ್ಲ.

ಉಳಿದರ್ಧ ಬಂದದ್ದು 1897ರಲ್ಲಿ, ಪಾಸ್ಚರ್ ತೀರಿಕೊಂಡ ಎರಡು ವರ್ಷಗಳ ಮೇಲೆ. ಎಡ್ವರ್ಡ್ ಬುಕ್ನರ್ ಎಂಬ ಜರ್ಮನ್ ವಿಜ್ಞಾನಿ ಯೀಸ್ಟನ್ನು ಮರಳಿನೊಡನೆ ಅರೆದು, ಬಟ್ಟೆಯಲ್ಲಿ ಕಟ್ಟಿ, ಬಲವಾದ ಒತ್ತುಯಂತ್ರದಲ್ಲಿ ಹಿಂಡಿ ರಸ ತೆಗೆದ. ಔಷಧದ ಉಪಯೋಗಕ್ಕೆಂದು ತೆಗೆದ ರಸವದು. ಕೆಡದೆ ಉಳಿಯಲೆಂದು ಅದಕ್ಕೆ ಬಹಳ ಸಕ್ಕರೆ ಬೆರೆಸಿದರು. ಉಪ್ಪಿನಕಾಯಿಗೆ ಉಪ್ಪು ಹಾಕುವ ಹಾಗೆ. ರಸವು ಸುಮ್ಮನಿರುವುದರ ಬದಲು ಗುಳ್ಳೆಯೇಳಲು ತೊಡಗಿತು! ಜೀವಕೋಶವೊಂದೂ ಇಲ್ಲದ ರಸದಲ್ಲಿ ಪೂರ್ಣ ಹುದುಗುವಿಕೆ ನಡೆದಿತ್ತು. ಜೀವಶಕ್ತಿ ಬೇಕೇ ಬೇಕು ಎಂಬ ವಾದಕ್ಕೆ ಇದು ಕೊನೆಯ ಪೆಟ್ಟೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಬುಕ್ನರನ ಅದೇ ಪ್ರಬಂಧದಲ್ಲಿ ಅಷ್ಟಾಗಿ ಯಾರೂ ಎತ್ತಿ ಹೇಳದ ಇನ್ನೊಂದು ವಾಕ್ಯವಿದೆ. ಆ ರಸವು ಕಬ್ಬಿನ ಸಕ್ಕರೆ, ದ್ರಾಕ್ಷಿಯ ಸಕ್ಕರೆ, ಹಣ್ಣಿನ ಸಕ್ಕರೆ, ಮಾಲ್ಟೋಸ್ ಇವೆಲ್ಲವನ್ನೂ ಹುದುಗಿಸಿತು. ಹಾಲಿನ ಸಕ್ಕರೆಯನ್ನು ಹುದುಗಿಸಲಿಲ್ಲ. ಬದುಕಿದ್ದಾಗ ಒಲ್ಲೆನೆಂದದ್ದನ್ನು ಸತ್ತು ಹಿಂಡಿಸಿಕೊಂಡ ಮೇಲೂ ಯೀಸ್ಟ್ ಒಲ್ಲೆನೆಂದೇ ಹೇಳಿತು. ವಿವೇಚನೆ ಇದ್ದದ್ದು ಜೀವದ ಇಚ್ಛೆಯಲ್ಲಲ್ಲ, ಕಿಣ್ವಗಳ ಪಟ್ಟಿಯಲ್ಲಿ. ಕೋಶದ ಗೋಡೆಗಳು ಮುರಿದುಬಿದ್ದಿದ್ದರೂ ಲ್ಯಾಕ್ಟೋಸ್ ಉಳಿಯಿತೆಂದರೆ, ಯೀಸ್ಟಿಗೆ ಇಲ್ಲದಿರುವುದು ಬಾಗಿಲು ಮಾತ್ರವಲ್ಲ, ಒಳಗೆ ಜೋಡಿಯನ್ನು ಬಿಡಿಸುವ ಕತ್ತರಿಯೂ ಇಲ್ಲ ಎಂದು ಊಹಿಸಬಹುದಾಗಿತ್ತು. ಬಹಳ ಕಾಲದ ಮೇಲೆ, 1985ರಲ್ಲಿ, ಬಾಗಿಲಿನದೊಂದು ಕತ್ತರಿಯದೊಂದು ಹೀಗೆ ಎರಡು ಜೀನುಗಳನ್ನು ಬೇರೊಂದು ಜಾತಿಯ ಯೀಸ್ಟಿನಿಂದ ತಂದು ಬ್ರೆಡ್ಡಿನ ಯೀಸ್ಟಿಗೆ ಸೇರಿಸಿದಾಗ ಅದು ಹಾಲಿನ ಸಕ್ಕರೆಯ ಮೇಲೆ ಬೆಳೆಯಿತು. ಬುಕ್ನರನಿಗೆ 1907ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು; ಹತ್ತು ವರ್ಷಗಳ ಮೇಲೆ ಮೊದಲನೆಯ ಮಹಾಯುದ್ಧದಲ್ಲಿ ರುಮೇನಿಯದ ರಣರಂಗದಲ್ಲಿ ಗಾಯಗೊಂಡು ಆತ ತೀರಿಕೊಂಡ.

ಆ ಬೇರೊಂದು ಜಾತಿ ಯಾವುದೆಂದರೆ ಹಾಲಿನ ನೆರೆಯಲ್ಲೇ ಬಾಳುವ ಕ್ಲೂವರೋಮೈಸಿಸ್. ಕಾಕಸಸ್ ಬೆಟ್ಟಗಳ ಕೆಫಿರ್ ಎಂಬ ಹಾಲಿನ ಪಾನೀಯದಲ್ಲಿ ಅದರ ಬಂಧುಗಳಿವೆ. ಗಿಣ್ಣು ತೆಗೆದ ಮೇಲೆ ಉಳಿಯುವ ಹಾಲೊಡಕನ್ನು ಹೊಳೆಗೆ ಬಿಡುವ ಬದಲು ಇಂಥ ಯೀಸ್ಟಿನಿಂದ ಹುದುಗಿಸಿ ಮದ್ಯಸಾರ ಮಾಡುವ ಕಾರ್ಖಾನೆಗಳು ಐರ್ಲೆಂಡ್, ನ್ಯೂಜಿಲೆಂಡುಗಳಲ್ಲಿ ಇವೆ. ಕಬ್ಬು ಬೆಳೆಯುವ ಕರ್ನಾಟಕದ ಕಾರ್ಖಾನೆಗಳಲ್ಲಿ ಕಾಕಂಬಿಗೆ ಈ ತೊಂದರೆಯಿಲ್ಲ. ಅದರಲ್ಲಿರುವುದು ಯೀಸ್ಟ್ ಮೆಚ್ಚುವ ಸಕ್ಕರೆಗಳೇ. ಹಿಂಡಿ ಉಳಿದ ಕಬ್ಬಿನ ಸಿಪ್ಪೆಯದೇ ಕಗ್ಗಂಟು. ಸಿಪ್ಪೆಯನ್ನು ಕರಗಿಸಿದಾಗ ಗ್ಲೂಕೋಸಿನ ಜೊತೆಗೆ ಐದು ಇಂಗಾಲದ ಕ್ಸೈಲೋಸ್ ಎಂಬ ಸಕ್ಕರೆಯೂ ಬಹಳವಾಗಿ ಬರುತ್ತದೆ. ಬ್ರೆಡ್ಡಿನ ಯೀಸ್ಟ್ ಅದನ್ನು ಹುದುಗಿಸಲಾರದು. 1990ರ ದಶಕದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಅದಕ್ಕೆ ಬೇಕಾದ ಜೀನುಗಳನ್ನು ಬೇರೆ ಯೀಸ್ಟಿನಿಂದ ತಂದು ಕಸಿ ಮಾಡಿದರು. ಅದಾದ ಮೇಲೂ ಎರಡು ಸಕ್ಕರೆಗಳು ಎದುರಿಗಿದ್ದರೆ ಯೀಸ್ಟ್ ಮೊದಲು ಕೈಹಾಕುವುದು ಗ್ಲೂಕೋಸಿಗೇ.

ಮನೆಯಲ್ಲಿ ಈ ಭೇದವನ್ನು ಕಣ್ಣಾರೆ ಕಾಣಬೇಕೆನ್ನುವ ಓದುಗರಿಗೆ ಹೆಚ್ಚಿನ ಖರ್ಚಿಲ್ಲ. ಎರಡು ಸೀಸೆಗಳಲ್ಲಿ ಉಗುರುಬೆಚ್ಚನೆಯ ನೀರು, ಒಂದೊಂದು ಚಮಚ ಯೀಸ್ಟ್. ಒಂದಕ್ಕೆ ಅಡಿಗೆಮನೆಯ ಸಕ್ಕರೆ, ಇನ್ನೊಂದಕ್ಕೆ ಹೋಮಿಯೋಪತಿ ಔಷಧದ ಅಂಗಡಿಯಲ್ಲಿ ಹಾಲಿನ ಸಕ್ಕರೆಯೆಂದೇ ಮಾರುವ ಬಿಳಿಯ ಪುಡಿ. ಬಾಯಿಗೆ ಮಕ್ಕಳ ಬೆಲೂನು ಕಟ್ಟಿದರೆ ಒಂದೆರಡು ಗಂಟೆಯಲ್ಲಿ ಒಂದು ಬೆಲೂನು ತಲೆಯೆತ್ತುತ್ತದೆ, ಇನ್ನೊಂದು ಜೋತುಬಿದ್ದೇ ಇರುತ್ತದೆ.

ಇದೇ ಆಟವನ್ನು ವೈದ್ಯರು ಬಹಳ ಗಂಭೀರವಾಗಿ ಆಡಿದ ಕಾಲವೊಂದಿತ್ತು. ಮೂತ್ರದಲ್ಲಿ ಸಕ್ಕರೆಯಿದೆಯೇ ಎಂದು ನೋಡಲು ಬೆನೆಡಿಕ್ಟನ ನೀಲಿ ದ್ರಾವಣವನ್ನು ಬೆರೆಸಿ ಕಾಯಿಸುತ್ತಿದ್ದರು. ಸಕ್ಕರೆಯಿದ್ದರೆ ಅದು ಹಸಿರು, ಹಳದಿ, ಕೊನೆಗೆ ಇಟ್ಟಿಗೆಯ ಕೆಂಪಿಗೆ ತಿರುಗುತ್ತಿತ್ತು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಈ ಬಣ್ಣಗಳನ್ನು ಕಂಡವರು ಅನೇಕರಿರಬಹುದು. ಆದರೆ ಈ ದ್ರಾವಣಕ್ಕೆ ಗ್ಲೂಕೋಸ್, ಲ್ಯಾಕ್ಟೋಸ್, ಐದು ಇಂಗಾಲದ ಸಕ್ಕರೆ ಎಲ್ಲವೂ ಒಂದೇ. ಎಲ್ಲಕ್ಕೂ ಅದು ಕೆಂಪಾಗುತ್ತದೆ. ತುಂಬು ಬಸುರಿಯರಲ್ಲಿಯೂ ಹಾಲೂಡುವ ತಾಯಂದಿರಲ್ಲಿಯೂ ಎದೆಯಲ್ಲಿ ಕಟ್ಟುವ ಹಾಲಿನ ಸಕ್ಕರೆ ರಕ್ತಕ್ಕೆ ಸೋರಿ ಮೂತ್ರದಲ್ಲಿ ಕಾಣಿಸಿಕೊಳ್ಳುವುದುಂಟು. ಅದು ರೋಗವಲ್ಲ. ನಳಿಗೆ ಕೆಂಪಾದುದನ್ನು ಮಾತ್ರ ನೋಡಿದ ವೈದ್ಯನು ಅದನ್ನು ಮಧುಮೇಹವೆಂದು ತಿಳಿದರೆ? ಮನುಷ್ಯನಿಗೆ ಇನ್ಸುಲಿನ್ ಚುಚ್ಚಿದ್ದು 1922ರಲ್ಲಿ ಮೊದಲು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಮಧುಮೇಹವೆಂದರೆ ಅರೆಹೊಟ್ಟೆಯ ಪಥ್ಯ, ಮತ್ತೆ ಮತ್ತೆ ಉಪವಾಸ. ಹೆರಿಗೆಯಾಗಿ ಮೈ ಕೂಡಿಕೊಳ್ಳಬೇಕಾದ ತಾಯಿಗೆ, ಎದೆಯಲ್ಲಿ ಮಗುವಿರುವಾಗ, ಇಲ್ಲದ ರೋಗಕ್ಕೆ ಅಂಥ ಪಥ್ಯ ಬಿದ್ದರೆ ಗತಿಯೇನು? ಇನ್ಸುಲಿನ್ ಬಂದ ಮೇಲೆ ಅಪಾಯದ ರೂಪ ಬದಲಾಯಿತೇ ಹೊರತು ತಪ್ಪಲಿಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಿಲ್ಲದವರಿಗೆ ಅದನ್ನು ಚುಚ್ಚುವುದು ಪ್ರಾಣಕ್ಕೇ ಕುತ್ತು.

ಆಗ ಸಾಕ್ಷಿ ನುಡಿಯಲು ಯೀಸ್ಟನ್ನು ಕರೆಯುತ್ತಿದ್ದರು. ಚೆನ್ನಾಗಿ ತೊಳೆದ ಯೀಸ್ಟನ್ನು ಮೂರು ನಳಿಗೆಗಳಿಗೆ ಹಾಕುವರು: ಒಂದರಲ್ಲಿ ರೋಗಿಯ ಮೂತ್ರ, ಒಂದರಲ್ಲಿ ಬರಿಯ ನೀರು, ಒಂದರಲ್ಲಿ ಗ್ಲೂಕೋಸ್ ಬೆರೆಸಿದ ನೀರು. ಎರಡನೆಯದು ಯೀಸ್ಟ್ ತಾನಾಗಿ ಅನಿಲ ಬಿಡುತ್ತಿಲ್ಲವೆಂಬುದಕ್ಕೆ, ಮೂರನೆಯದು ಅದು ಜೀವಂತವಾಗಿದೆಯೆಂಬುದಕ್ಕೆ. ಮೂರನ್ನೂ ಬೆಚ್ಚಗೆ ಇಟ್ಟು ನೋಡುವರು. ಮೂತ್ರದ ನಳಿಗೆಯಲ್ಲಿ ಗುಳ್ಳೆಯೆದ್ದು, ಆಮೇಲೆ ಬೆನೆಡಿಕ್ಟನ ದ್ರಾವಣ ನೀಲಿಯಾಗಿಯೇ ಉಳಿದರೆ ಇದ್ದದ್ದು ಗ್ಲೂಕೋಸೆಂದು ತಿಳಿಯುವರು. ಗುಳ್ಳೆಯೇಳದೆ ದ್ರಾವಣ ಮತ್ತೆ ಕೆಂಪಾದರೆ ಅದು ಯೀಸ್ಟ್ ಒಲ್ಲದ ಸಕ್ಕರೆ. ತಾಯಿಯಾದವಳಲ್ಲಿ ಬಹುಮಟ್ಟಿಗೆ ಹಾಲಿನದು. ಹುಟ್ಟಿನಿಂದಲೇ ಕೆಲವರ ಮೂತ್ರದಲ್ಲಿ ಐದು ಇಂಗಾಲದ ಸಕ್ಕರೆಯೊಂದು ಹೋಗುತ್ತಿರುತ್ತದೆ; 1892ರಲ್ಲಿ ಮೊದಲು ವರ್ಣಿತವಾದ ಈ ಲಕ್ಷಣದಿಂದ ಅವರಿಗೆ ಯಾವ ಕೇಡೂ ಇಲ್ಲ. ಅವರನ್ನು ಮಧುಮೇಹಿಗಳ ಪಟ್ಟಿಯಿಂದ ಬಿಡಿಸಲೂ ಯೀಸ್ಟಿನ ಮೌನವೇ ನೆರವಾಯಿತು. 1950ರ ದಶಕದಲ್ಲಿ ಗ್ಲೂಕೋಸನ್ನು ಮಾತ್ರ ಗುರುತಿಸುವ ಕಿಣ್ವವನ್ನು ಬಳಿದ ಕಾಗದದ ಪಟ್ಟಿಗಳು ಬಂದವು; ಅಲ್ಲಿಂದ ಮುಂದೆ ಯೀಸ್ಟಿಗೆ ಆಸ್ಪತ್ರೆಯಿಂದ ಬಿಡುಗಡೆಯಾಯಿತು.

ಪ್ರಯೋಗಶಾಲೆಯಿಂದ ಮಾತ್ರ ಆಗಲಿಲ್ಲ. ಫಿಷರನಿಗೆ ಅರೆಮನಸ್ಸಿನಿಂದ ಹುದುಗಿದಂತೆ ಕಂಡ ಗ್ಯಾಲಕ್ಟೋಸಿನ ಕಥೆ ಇನ್ನೂ ಉಳಿದಿತ್ತು. 1900ರಲ್ಲಿ ಪ್ಯಾರಿಸಿನ ದೀನೆರ್ ಒಂದು ವಿಚಿತ್ರವನ್ನು ಬಣ್ಣಿಸಿದ. ಗ್ಲೂಕೋಸಿನಲ್ಲಿ ಬೆಳೆದ ಯೀಸ್ಟಿಗೆ ಗ್ಯಾಲಕ್ಟೋಸ್ ಕೊಟ್ಟರೆ ಮೊದಲು ಅದು ಮುಟ್ಟುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ ಕಲಿತುಕೊಂಡಂತೆ ಹುದುಗಿಸತೊಡಗುತ್ತದೆ. ಗ್ಯಾಲಕ್ಟೋಸಿನ ಸುಳಿವು ಸಿಕ್ಕಿ ಗ್ಲೂಕೋಸ್ ಇಲ್ಲವೆಂದು ಖಚಿತವಾದರೆ ಅದಕ್ಕೆ ಬೇಕಾದ ಜೀನುಗಳ ಕೆಲಸ ಸುಮಾರು ಸಾವಿರ ಪಟ್ಟು ಹೆಚ್ಚುತ್ತದೆಂದು ಈಗ ಗೊತ್ತಾಗಿದೆ. ಆ ಕೆಲಸ ಏನೆಂದು ಹೆಜ್ಜೆಹೆಜ್ಜೆಯಾಗಿ ಬಿಡಿಸಿದವನು ಅರ್ಜೆಂಟೀನದ ಲೂಯಿಸ್ ಲೆಲ್ವಾರ್. ಬ್ಯೂನಸ್ ಐರಿಸ್ ನಗರದ ಒಂದು ಚಿಕ್ಕ ಮನೆಯೇ ಆತನ ಸಂಸ್ಥೆ. ಹಾಲಿನ ಸಕ್ಕರೆಯನ್ನು ಒಲ್ಲೆನೆನ್ನದ ಜಾತಿಯ ಯೀಸ್ಟೇ ಆತನ ಸ್ನೇಹಿತ. ಗ್ಯಾಲಕ್ಟೋಸಿಗೆ ಮೊದಲು ಒಂದು ಫಾಸ್ಫೇಟ್ ಅಂಟಿಸಿ, ಆಮೇಲೆ ಅದನ್ನು ಬೇರೊಂದು ವಾಹಕದ ಮೇಲೆ ಕೂರಿಸಿ, ತಿರುಗಿ ನಿಂತ ಆ ಒಂದು ಪುಟ್ಟ ಗುಂಪನ್ನು ಸರಿಯಾದ ಕಡೆಗೆ ತಿರುಗಿಸಿ ಗ್ಲೂಕೋಸಿನ ರೂಪಕ್ಕೆ ತರಲಾಗುತ್ತದೆ. ಈ ಮಾರ್ಗ 1950ರ ಹೊತ್ತಿಗೆ ಸ್ಪಷ್ಟವಾಗತೊಡಗಿತು. 1970ರಲ್ಲಿ ಲೆಲ್ವಾರನಿಗೆ ನೊಬೆಲ್ ಪಾರಿತೋಷಕ ಬಂದಿತು.

ಈ ಮಾರ್ಗವೇ ಮನುಷ್ಯನಲ್ಲಿಯೂ ಇದೆ. ಅಪರೂಪಕ್ಕೆ ಕೆಲವು ಹಸುಳೆಗಳಲ್ಲಿ ಅದರ ಎರಡನೆಯ ಹೆಜ್ಜೆಯ ಕಿಣ್ವ ಇರುವುದಿಲ್ಲ. ಹುಟ್ಟಿದಾಗ ಆರೋಗ್ಯವಾಗಿರುವ ಮಗು ಹಾಲು ಕುಡಿಯತೊಡಗಿದ ಕೆಲವೇ ದಿನಗಳಲ್ಲಿ ವಾಂತಿ ಮಾಡಿಕೊಂಡು, ಕಾಮಾಲೆ ತಿರುಗಿ, ಕಣ್ಣಿಗೆ ಪೊರೆ ಕವಿದು, ಗಮನಿಸದೆ ಹೋದರೆ ತೀರಿಕೊಳ್ಳಲೂಬಹುದು. ತಾಯಿಯ ಹಾಲೇ ಅದಕ್ಕೆ ವಿಷ. ಗ್ಯಾಲಕ್ಟೊಸೀಮಿಯಾ ಎಂಬ ಈ ಬೇನೆಯಲ್ಲಿ ಕಾಣೆಯಾಗಿರುವ ಕಿಣ್ವ ಯಾವುದೆಂದು ಕಾಲ್ಕರ್ ಮತ್ತು ಆತನ ಸಂಗಡಿಗರು 1956ರಲ್ಲಿ ತೋರಿಸಲು ಸಾಧ್ಯವಾದದ್ದು ಆ ಮಾರ್ಗದ ನಕ್ಷೆ ಆಗಲೇ ಕೈಯಲ್ಲಿದ್ದುದರಿಂದ. ಹಾಲನ್ನು ನಿಲ್ಲಿಸಿ ಸೋಯಾ ಅವರೆಯಿಂದ ಮಾಡಿದ ಆಹಾರ ಕೊಟ್ಟರೆ ಮಗು ಚೇತರಿಸಿಕೊಳ್ಳುತ್ತದೆ. ಎಲ್ಲ ತೊಂದರೆಗಳೂ ಅದರಿಂದ ನೀಗುವುದಿಲ್ಲವಾದರೂ ಪ್ರಾಣ ಉಳಿಯುತ್ತದೆ.

ಅದೇ ಕಿಣ್ವವನ್ನು ಕಳೆದುಕೊಂಡ ಯೀಸ್ಟಿನ ತಳಿಗಳೂ ಪ್ರಯೋಗಶಾಲೆಗಳಲ್ಲಿವೆ. ಗ್ಯಾಲಕ್ಟೋಸ್ ಬೆರೆಸಿದ ಪಾತ್ರೆಯಲ್ಲಿ ಅವು ಬೆಳೆಯಲಾರವು. ಮಗುವಿಗೆ ಆಗುವಂತೆ ಅವುಗಳಿಗೂ ಅದು ವಿಷವಾಗುತ್ತದೆ. ಮನುಷ್ಯನ ಸರಿಯಾದ ಜೀನನ್ನು ತಂದು ಅವುಗಳಿಗೆ ಸೇರಿಸಿದರೆ ಮತ್ತೆ ಚಿಗುರುತ್ತವೆ. ರೋಗಿಗಳಲ್ಲಿ ಕಂಡ ಬೇರೆ ಬೇರೆ ದೋಷಗಳ ಜೀನುಗಳನ್ನು ಒಂದೊಂದಾಗಿ ಇಂಥ ಯೀಸ್ಟಿಗೆ ಸೇರಿಸಿ, ಯಾವುದು ಪೂರ್ಣ ಕೆಟ್ಟಿದೆ, ಯಾವುದರಲ್ಲಿ ಇನ್ನೂ ಕೊಂಚ ಸತ್ತ್ವ ಉಳಿದಿದೆ ಎಂದು 1990ರ ದಶಕದಿಂದ ವಿಜ್ಞಾನಿಗಳು ಅಳೆಯುತ್ತ ಬಂದಿದ್ದಾರೆ.